ಬಾಯಿಯಲ್ಲಿ ಸರಿಯಾಗಿ ಕೂರದ ಕ್ಯಾಪ್: ಅಳತೆಯ ದೋಷವೇ?

ಪ್ರಶ್ನೆ: ದಾವಣಗೆರೆಯಲ್ಲಿ ಹಲ್ಲಿನ ಲ್ಯಾಬ್ ನಡೆಸುತ್ತಿದ್ದೇನೆ. ಹರಿಹರದಿಂದ ಬಸ್ಸಿನಲ್ಲಿ ಬರುವ ಆಲ್ಜಿನೇಟ್ (ನೀರಿನಲ್ಲಿ ಕಲಸಿ ಹಲ್ಲಿನ ಅಚ್ಚು ತೆಗೆಯುವ ಪುಡಿ) ಅಳತೆಗಳಿಂದ, ಅಂದರೆ ಅಚ್ಚುಗಳಿಂದ, ಮಾಡಿದ ಕ್ಯಾಪ್‌ಗಳು, ಅದರಲ್ಲೂ ಬೇಸಿಗೆಯಲ್ಲಿ, ಸರಿಯಾಗಿ ಕೂರುತ್ತಿಲ್ಲ. ಒದ್ದೆ ಹತ್ತಿ ಸುತ್ತಿದರೂ ಹೀಗೇಕೆ?

ಉತ್ತರ 1: ಆಲ್ಜಿನೇಟ್ ನೀರು ಕಳೆದುಕೊಂಡರೆ ಕುಗ್ಗುತ್ತದೆ, ಹೀರಿಕೊಂಡರೆ ಉಬ್ಬುತ್ತದೆ, ಆದ್ದರಿಂದ ತೊಟ್ಟಿಕ್ಕುವಷ್ಟು ಒದ್ದೆಯಾದ ಹತ್ತಿಯೂ ಅಳತೆಯನ್ನು ಕೆಡಿಸುತ್ತದೆ. ಕ್ಲಿನಿಕ್ಕಿನಲ್ಲೇ 10-15 ನಿಮಿಷದೊಳಗೆ ಅಳತೆಯೊಳಗೆ ಡೆಂಟಲ್ ಸ್ಟೋನ್ (ಮಾದರಿ ಮಾಡುವ ಗಟ್ಟಿ ಜಿಪ್ಸಮ್) ಸುರಿದು, ಗಟ್ಟಿಯಾದ ಮಾದರಿಯನ್ನೇ ಕಳುಹಿಸಲು ದಯವಿಟ್ಟು ಕೇಳಿಕೊಳ್ಳಿ.

ಉತ್ತರ 2: ಕ್ಯಾಪ್‌ಗೆ ಆಲ್ಜಿನೇಟ್ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಅಳತೆಗೆ ಬಳಸುವ ರಬ್ಬರಿನಂಥ ಸಿಲಿಕೋನ್ ಬಗೆಗಳಲ್ಲಿ, ಕಂಡೆನ್ಸೇಶನ್ ಸಿಲಿಕೋನ್ ಗಟ್ಟಿಯಾಗುವಾಗ ಆಲ್ಕೋಹಾಲ್ ಹೊರಬಿಟ್ಟು ಕುಗ್ಗುತ್ತದೆ. ಅಡಿಷನ್ ಸಿಲಿಕೋನ್ ಹಾಗೆ ಕುಗ್ಗದೆ ಹಲವು ದಿನ ಅಳತೆ ಕಾಯ್ದುಕೊಳ್ಳುತ್ತದೆ. ಆದರೆ ಅದರ ಪುಟ್ಟಿಯನ್ನು (ಹಿಟ್ಟಿನಂತೆ ನಾದುವ ರೂಪ) ಲೇಟೆಕ್ಸ್ ಗ್ಲೌಸ್ ತೊಟ್ಟು ನಾದಬಾರದು, ಗಂಧಕದ ಅಂಶ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ.

ಉತ್ತರ 3: ಅಳತೆಯ ವಸ್ತು ತುಂಬಿ ಬಾಯಿಯಲ್ಲಿಡುವ ಟ್ರೇ ಬಾಗುತ್ತಿದೆಯೇ ಎಂಬುದನ್ನೂ ನೋಡಿ.