ತಾಮ್ರದ ಮಾಡು ಹಾಕಿಸಬೇಕು ಅಂತಿದ್ದೇವೆ, ಸರಿಯಾ?

ಪ್ರಶ್ನೆ: ಮರದ ಪಕಾಸಿನ ಮೇಲೆ ಇಳಿಜಾರು ಮಾಡು ಇರುವ ಹಳೇ ಮಾದರಿಯ ಮನೆ ಕಟ್ಟಿಸುತ್ತಿದ್ದೇವೆ. ಹೆಂಚಿನ ಬದಲು ತಾಮ್ರದ ತಗಡು ಹಾಕಿಸುವ ಆಸೆ. ಎಷ್ಟು ದಪ್ಪದ ತಗಡು ಬೇಕು? ಹಸಿರು ಬಣ್ಣ ಯಾವಾಗ ಬರುತ್ತದೆ? ಖರ್ಚು ಉಳಿಸಲು ಮಳೆನೀರಿನ ದೋಣಿಯನ್ನು ಜಿಂಕ್ ಲೇಪದ ಕಬ್ಬಿಣದಲ್ಲೇ ಮಾಡೋಣ ಅಂತ ಮೇಸ್ತ್ರಿ ಹೇಳುತ್ತಾರೆ.

ಉತ್ತರ: ದೋಣಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ತಾಮ್ರದ ಮೇಲೆ ಹರಿದ ಮಳೆನೀರಿನಲ್ಲಿ ಸ್ವಲ್ಪ ತಾಮ್ರ ಕರಗಿರುತ್ತದೆ. ಆ ನೀರು ಜಿಂಕ್ ಅಥವಾ ಅಲ್ಯೂಮಿನಿಯಂ ಮೇಲೆ ಬಿದ್ದರೆ ಅದನ್ನು ಬೇಗ ತಿಂದುಹಾಕುತ್ತದೆ. ಎರಡು ಲೋಹ ತಾಗಿಕೊಂಡೇ ಇರಬೇಕು ಅಂತಿಲ್ಲ, ಮೇಲಿಂದ ತೊಟ್ಟಿಕ್ಕಿದರೂ ಸಾಕು. ದೋಣಿಯೂ ತಾಮ್ರದ್ದೇ ಇರಲಿ. ಮೊಳೆ ತಾಮ್ರದ್ದು, ಕಂಚಿನದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲ್‌ನದ್ದು. ಕಬ್ಬಿಣ ಬೇಡ, ತಾಮ್ರಕ್ಕೆ ತಾಗಿದರೆ ಬೇಗ ತುಕ್ಕು ಹಿಡಿಯುತ್ತದೆ. ನ್ಯೂಯಾರ್ಕ್‌ನ ಲಿಬರ್ಟಿ ಪ್ರತಿಮೆ ನೋಡಿ. 1886ರ ತಾಮ್ರದ ಹೊದಿಕೆ ಬಹುಪಾಲು ಗಟ್ಟಿಯಾಗೇ ಇತ್ತು. ಒಳಗೆ ಅದನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಉಬ್ಬಿದ್ದವು. 1986ಕ್ಕೆ ಮುಗಿದ ದುರಸ್ತಿಯಲ್ಲಿ ಅವುಗಳ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂತು.

ದಪ್ಪ 0.6 ಅಥವಾ 0.7 ಮಿ.ಮೀ. ಇರಲಿ. 0.6ರದ್ದು ಚದರ ಮೀಟರ್‌ಗೆ ಸುಮಾರು 5.4 ಕೆ.ಜಿ. ತೂಗುತ್ತದೆ. ಹೆಂಚಿನ ಭಾರದ ಮುಂದೆ ಇದೇನೂ ಅಲ್ಲ. ಹಗುರ ಅಂದ ಮೇಲೆ ಗಾಳಿಗೆ ಏಳದ ಹಾಗೆ ಹಿಡಿದಿಡಬೇಕು, ಅಲ್ವಾ? ಆದರೆ ಬಿಗಿಯಾಗಿ ಮೊಳೆ ಹೊಡೆದರೆ ಇನ್ನೊಂದು ತೊಂದರೆ. ತಾಮ್ರ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 10 ಮೀಟರ್ ಉದ್ದದ ತಗಡು 50 ಡಿಗ್ರಿ ವ್ಯತ್ಯಾಸಕ್ಕೆ 8 ಮಿ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಅದಕ್ಕೇ ತಗಡಿಗೆ ತೂತು ಮಾಡದೆ, ಅಂಚುಗಳನ್ನು ಎತ್ತಿ ಒಂದರ ಮೇಲೊಂದು ಮಡಚಿ, ಕೆಳಗಿನ ಹಲಗೆಗೆ ಮೊಳೆ ಹೊಡೆದ ಕ್ಲಿಪ್‌ಗಳನ್ನು ಆ ಮಡಿಕೆಯೊಳಗೆ ಸೇರಿಸುತ್ತಾರೆ. ಕೆಲವು ಕ್ಲಿಪ್ ಕದಲುವುದಿಲ್ಲ, ಉಳಿದವು ಜಾರುತ್ತವೆ. ಜಾರುವ ಕ್ಲಿಪ್ ಎಲ್ಲೆಲ್ಲಿ ಹಾಕುತ್ತೀರಿ ಅಂತ ಕೆಲಸದವರನ್ನು ಕೇಳಿ. ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ. ತಗಡು ಆರಿಸುವುದಕ್ಕಿಂತ ಇದು ದೊಡ್ಡ ವಿಷಯ.

ಬಣ್ಣದ ಬಗ್ಗೆ: ಕೆಲವೇ ತಿಂಗಳಲ್ಲಿ ಹೊಳಪು ಹೋಗಿ ಕಂದು ಬರುತ್ತದೆ. ಹಸಿರಿಗೆ ಎಷ್ಟೋ ವರ್ಷ ಕಾಯಬೇಕು. ಸಮುದ್ರದ ಹತ್ತಿರ ಬೇಗ, ಒಣ ಹವೆಯಲ್ಲಿ ತುಂಬ ನಿಧಾನ. ಕೆಲವು ಕಡೆ ಬರುವುದೇ ಇಲ್ಲ. ಹೊಳಪು ಉಳಿಸಲು ಸುಮ್ನೆ ಲ್ಯಾಕರ್ ಹೊಡೆಸಬೇಡಿ. ಅದು ಬಿಸಿಲಿಗೆ ಸುಲಿಯುತ್ತದೆ, ಆಮೇಲೆ ಮಾಡೆಲ್ಲ ಮಚ್ಚೆ ಮಚ್ಚೆ.

ಇನ್ನೊಬ್ಬ ಸದಸ್ಯರು: ಮಳೆ ಸದ್ದು ಜಾಸ್ತಿ ಇರುತ್ತಾ? ಆ ನೀರು ಹಿಡಿದು ಕುಡಿಯಬಹುದಾ?

ಉತ್ತರ: ಪಕಾಸಿನ ಮೇಲೆ ಪೂರ್ತಿ ಹಲಗೆ ಹೊಡೆಸಿ, ಅದರ ಮೇಲೆ ನೀರು ತಡೆಯುವ ಪೊರೆ ಹಾಸಿ, ಮೇಲೆ ತಗಡು ಕೂರಿಸಿದರೆ ಸದ್ದು ಬಹಳ ತಗ್ಗುತ್ತದೆ. ಬರೀ ರೀಪಿನ ಮೇಲೆ ಹಾಕಿದರೆ ಡೋಲು ಬಡಿದ ಹಾಗೆ ಕೇಳಿಸುತ್ತದೆ. ಕುಡಿಯಲು ಆ ನೀರು ಬೇಡ. ಮೀನಿನ ಕೊಳಕ್ಕಂತೂ ಬಿಡಲೇಬೇಡಿ, ಕರಗಿದ ತಾಮ್ರ ಮೀನಿಗೆ ವಿಷ. ಬಿಳಿ ಗೋಡೆಯ ಮೇಲೆ ಹರಿದರೆ ಹಸಿರು ಕಲೆ ಕೂರುತ್ತದೆ, ಹಾಗಾಗಿ ಸೂರನ್ನು ಸಾಕಷ್ಟು ಹೊರಗೆ ಚಾಚಿಸಿ.

ಪ್ರಶ್ನೆ ಕೇಳಿದವರು: ದೋಣಿ ತಾಮ್ರದ್ದೇ ಅಂತ ಮೇಸ್ತ್ರಿಗೆ ಹೇಳಿದೆ. ಕಬ್ಬಿಣದ ಮೊಳೆ ಆಗಲೇ ತಂದಾಗಿದೆ, ಏನು ಮಾಡಲಿ?

ಉತ್ತರ: ಹಲಗೆ ಹೊಡೆಯಲು ಬಳಸಿ. ತಲೆ ಮರದೊಳಗೆ ಇಳಿದಿರಲಿ, ಮೇಲೆ ಪೊರೆ ಬರಲಿ. ಒಂದು ಮೊಳೆಯೂ ತಾಮ್ರಕ್ಕೆ ತಾಗಬಾರದು. ತಗಡು ಹಾಸುವ ಮೊದಲು ಹಲಗೆಯ ಮೇಲೆ ಕೈಯಾಡಿಸಿ ನೀವೇ ನೋಡಿ.