ಸ್ಲೋ ಮೋಷನ್ ಅಂಬಾಸಿಡರ್

"ಮತ್ತೆ ಬ್ಯಾಟರಿ ಹೋಯ್ತು ಗುಂಡಣ್ಣ!" ಸೀನ ಬೆಂಚಿನ ಮೇಲೆ ಕುಸಿದ. "ಪ್ರೀ-ವೆಡ್ಡಿಂಗ್ ಶೂಟ್‌ಗೆ ಅಂತ ಅಂಬಾಸಿಡರ್ ಬಾಡಿಗೆಗೆ ಕೊಟ್ರೆ, ಹೋಗೋದು ರಾಜನ ಥರ, ಬರೋದು ಹಗ್ಗ ಕಟ್ಟಿಸ್ಕೊಂಡು."

"ಬ್ಯಾಟರಿ ಅಂಗಡಿಯವನು ದೀಪಾವಳಿಗೆ ನಿಂಗೆ ಸ್ವೀಟ್ ಕಳಿಸ್ತಾನೇನೋ?" ಅಂದ ರಾಮು.

ಗುಂಡಣ್ಣ ಲೋಟ ಕೆಳಗಿಟ್ಟ. "ಶೂಟಲ್ಲಿ ಗಾಡಿ ಎಷ್ಟು ಓಡುತ್ತೆ?"

"ಎಲ್ಲಿ ಓಡುತ್ತೆ! ಎಲ್ಲಾ ಸ್ಲೋ ಮೋಷನ್. ಹೆಡ್‌ಲೈಟ್ ಹಾಕಿ, ಹಾಡು ಹಾಕಿ, ಎಂಜಿನ್ ಆನ್ ಮಾಡಿ ನಿಲ್ಲಿಸ್ತಾರೆ."

"ಸರಿಹೋಯ್ತು. ಅದರಲ್ಲಿರೋದು ಡೈನಮೋ ಮಾರಾಯ, ಎಂಜಿನ್ ತಿರುಗಿಸಿದ್ರೆ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬೋದು. ಅದು ದಿನಗೂಲಿ ಆಳಿದ್ದ ಹಾಗೆ, ಮೈ ಮುರಿದ್ರೆ ಮಾತ್ರ ಕೂಲಿ. ಐಡ್ಲಿಂಗ್‌ನಲ್ಲಿ ಹೆಚ್ಚುಕಮ್ಮಿ ಏನೂ ಹುಟ್ಟಲ್ಲ. ಚೆನ್ನಾಗಿ ಓಡಿದ್ರೂ ಇದರಲ್ಲಿರೋ ಲೂಕಸ್ ಸಿ40 ಡೈನಮೋ ಕೊಡೋದು 22 ಆಂಪಿಯರ್. ಹೆಡ್‌ಲೈಟಿಗೆ 7–8, ಇಗ್ನಿಷನ್ ಕಾಯಿಲ್‌ಗೆ 3–4. ಅದರ ಮೇಲೆ ಡಿಕ್ಕೀಲಿ ಆ ರಾಕ್ಷಸ ಆಂಪ್ಲಿಫೈಯರು, ಸೀಟಿನ ಕೆಳಗೆ ನೀಲಿ ಎಲ್‌ಇಡಿ ಬೇರೆ. ವಿಂಟೇಜ್ ಅಂತೆ, ವಿಂಟೇಜು!"

"ಆದ್ರೆ ಚಾರ್ಜಿಂಗ್ ಲೈಟ್ ಮಿಣುಕುತ್ತಲ್ಲ?"

"ಐಡ್ಲಿಂಗಲ್ಲಿ ಮಿಣುಕಿದ್ರೆ ಮಿಣುಕಲಿ. ಆಕ್ಸಿಲರೇಟರ್ ಕೊಟ್ಟ ಮೇಲೂ ಉರೀತಿದ್ರೆ ಕಾಯಿಲೆ. ಮೊದಲು ಫ್ಯಾನ್ ಬೆಲ್ಟ್ ಒತ್ತಿ ನೋಡು, ಅರ್ಧ ಇಂಚು ಬಗ್ಗಬೇಕು. ಆಮೇಲೆ ಡೈನಮೋದ ಡಿ, ಅಂದ್ರೆ ಕರೆಂಟ್ ಹೊರಗೆ ಬರೋ ವೈರು, ಎಫ್, ಅಂದ್ರೆ ಫೀಲ್ಡ್ ಕಾಯಿಲ್ ವೈರು, ಎರಡೂ ಬಿಚ್ಚಿ, ಆ ಎರಡು ಟರ್ಮಿನಲ್ ತುಂಡು ವೈರಲ್ಲಿ ಜೋಡಿಸು. ಅಲ್ಲಿಂದ ಡೈನಮೋದ ಲೋಹದ ಮೈಗೆ ವೋಲ್ಟ್ ಮೀಟರ್ ಹಿಡಿದು ಎಂಜಿನ್ ನಿಧಾನಕ್ಕೆ ಏರಿಸು. ವೋಲ್ಟೇಜ್ ಸರಸರ ಏರಬೇಕು. 20 ದಾಟಿಸಬೇಡ, ಸುಟ್ಟುಹೋದೀತು. ಅರ್ಧ–ಒಂದು ವೋಲ್ಟಲ್ಲೇ ನಿಂತ್ರೆ ಒಳಗೆ ಅಲುಗದೆ ಕೂತಿರೋ ಫೀಲ್ಡ್ ಕಾಯಿಲ್ ನೋಡು. 4–5ಕ್ಕೆ ನಿಂತ್ರೆ ಒಳಗೆ ತಿರುಗೋ ಆರ್ಮೇಚರ್. ಮುಳ್ಳು ಅಲುಗಾಡ್ಲೇ ಇಲ್ವಾ, ಕಾರ್ಬನ್ ಬ್ರಶ್ ಸವೆದಿರುತ್ತೆ, ಇಲ್ಲ ಗೂಡಲ್ಲಿ ಸಿಕ್ಕಿಹಾಕ್ಕೊಂಡಿರುತ್ತೆ."

"ಡೈನಮೋ ಸರಿಯಾಗೇ ಇದ್ರೆ?"

"ಕಟೌಟ್ ಪೆಟ್ಟಿಗೆ ತೆಗಿ, ಡೈನಮೋಗೂ ಬ್ಯಾಟರಿಗೂ ನಡುವೆ ಕಾವಲು ಕಾಯೋದು ಅದೇ. ಅದರ ಅರ್ಥ್ ವೈರ್ ತುಕ್ಕು ಹಿಡಿದಿದ್ರೂ ಸಾಕು, ಲೆಕ್ಕ ಎಲ್ಲಾ ತಪ್ಪುತ್ತೆ. ಒಳಗೆ ತೆರೆದು ಮುಚ್ಚೋ ಪಾಯಿಂಟ್ ಅಂಟಿಕೊಂಡ್ರೆ ಇನ್ನೂ ಕಷ್ಟ. ಎಂಜಿನ್ ಆಫ್ ಮಾಡಿದ್ರೂ ಬ್ಯಾಟರಿ ಕರೆಂಟ್ ಡೈನಮೋಗೆ ವಾಪಸ್ ಹರಿದು, ಬೆಳಿಗ್ಗೆಗೆ ಬ್ಯಾಟರಿ ಖಾಲಿ. ನೀನು ಮತ್ತೆ ಅಂಗಡಿಗೆ ಓಡ್ತೀಯ."

"ಡೈನಮೋ ಬದಲು ಈಗಿನ ಕಾರಲ್ಲಿರೋ ಆಲ್ಟರ್ನೇಟರ್ ಹಾಕಿಸಿ ಕೈ ತೊಳ್ಕೊಳ್ಳೋ," ಅಂದ ರಾಮು.

"ಹಾಕಿಸಲಿ. ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ ಜೋಡಿಸಿರೋ ಹಳೇ ಗಾಡಿಗೆ ಹಾಗೇ ಸಿಗಿಸಿದ್ರೆ ಒಂದೇ ಏಟಿಗೆ ಅದರೊಳಗಿನ ಡಯೋಡ್ ಭಸ್ಮ. ನಂಗೆ ಕೇಳಿದ್ರೆ ಡೈನಮೋನೇ ಇರಲಿ. ಬಿಚ್ಚಿದ್ರೆ ಒಳಗೇನಿದೆ ಅಂತ ಕಣ್ಣಿಗೆ ಕಾಣುತ್ತೆ."

"ಬಿಚ್ಚೋರು ಯಾರಿದ್ದಾರೆ ಗುಂಡಣ್ಣ?" ರಾಮು ದನಿ ಇಳಿಸಿದ. "ನಮ್ಮ ಸರ್ಕಲ್ ಹತ್ರ ಆರ್ಮೇಚರ್ ಕಟ್ಟೋನು ಒಬ್ಬ ಇದ್ದ. ಬ್ರಶ್ ಉಜ್ಜೋ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ಮಧ್ಯದ ಮೈಕಾನ ಮುರಿದ ಹ್ಯಾಕ್‌ಸಾ ಬ್ಲೇಡಲ್ಲಿ ಕೆರೀತಿದ್ದ. ಈಗ ಅಲ್ಲಿ ಮೊಬೈಲ್ ಕವರ್ ಮಾರ್ತಾರೆ."

ಯಾರೂ ಮಾತಾಡಲಿಲ್ಲ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಾಗ ಪತ್ರಿಕೆಗಳೆಲ್ಲ ಗಾಡಿಗೆ ಅತ್ತವು. ಬ್ಲೇಡ್ ಹಿಡಿದ ಆ ಕೈಗೆ ಅತ್ತವರು ಕಾಣಲಿಲ್ಲ.

ಸೀನನಿಗೆ ತಡೀಲಿಲ್ಲ. "ಭಾನುವಾರ ಇನ್ನೊಂದು ಶೂಟ್ ಇದೆ ಗುಂಡಣ್ಣ. ಏನ್ ಮಾಡ್ಲಿ?"

"ಗಾಡಿ ಜೋರಾಗೇ ಓಡಿಸು. ಸ್ಲೋ ಮೋಷನ್ ಮಾಡೋಕೆ ಅವರ ಕ್ಯಾಮೆರಾ ಇಲ್ವಾ?"

"ಹುಡುಗಿ ಕೂದಲೆಲ್ಲ ಹಾರುತ್ತಲ್ಲ?"

"ಹಾರಲಿ ಬಿಡು. ಅದಕ್ಕೆ ಅಂತ ತರ್ತಾರಲ್ಲ, ಆ ಫ್ಯಾನಿನ ಬಾಡಿಗೆ ಉಳೀತು!"