ಟೆಂಡರ್ ಮುಗಿದ ಕೂಡಲೇ ಆ್ಯಪ್ ನಿಂತುಬಿಡುತ್ತದೆ, ಸಿಪಿಯು ಮಾತ್ರ ಆರಾಮಾಗಿದೆ

ಪ್ರಶ್ನೆ, ಶಿರಸಿಯಿಂದ

ನಮಸ್ಕಾರ. ಇಲ್ಲಿನ ಒಂದು ಅಡಿಕೆ ಮಂಡಿಗೆ ಸಣ್ಣ ಆ್ಯಪ್ ಮಾಡಿಕೊಟ್ಟಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕೋಕಾ, ಈ ಅಡಿಕೆ ಬಗೆಗಳ ಆ ದಿನದ ದರ. ಜೊತೆಗೆ ಬೆಳೆಗಾರರ ಖಾತೆಯ ಲೆಕ್ಕ. ಇಷ್ಟೇ. ಸರ್ವರ್ ಕಡೆ ಎಎಸ್‌ಪಿ ಡಾಟ್‌ನೆಟ್ ಕೋರ್, ಡಾಟ್‌ನೆಟ್ 8, ಡೇಟಾಬೇಸ್ ಜೊತೆ ಮಾತಾಡಲು ಎಂಟಿಟಿ ಫ್ರೇಮ್‌ವರ್ಕ್ ಕೋರ್.

ಬೆಳಿಗ್ಗೆಯೆಲ್ಲ ಚೆನ್ನಾಗಿ ಓಡುತ್ತದೆ. ಟೆಂಡರ್ ಮುಗಿದು ದರ ಬಿತ್ತು (ಪ್ರಕಟವಾಯಿತು) ಅಂದರೆ ಎಲ್ಲರೂ ಒಟ್ಟಿಗೆ ಮೊಬೈಲ್ ತೆಗೆಯುತ್ತಾರೆ. ಆಗ ಒಂದು ಪುಟ ಬರಲು 20–25 ಸೆಕೆಂಡ್ ಬೇಕು. ಅರ್ಧ ಜನಕ್ಕೆ ಬರುವುದೇ ಇಲ್ಲ. ವಿಚಿತ್ರ ಅಂದರೆ ಆ ಹೊತ್ತಿಗೆ ಸಿಪಿಯು 10% ಕೂಡ ದಾಟಿರುವುದಿಲ್ಲ. ಮೆಮೊರಿ ಬೇಕಾದಷ್ಟಿದೆ. ಡೇಟಾಬೇಸ್ ಕ್ವೆರಿ ಬೇರೆಯಾಗಿ ಓಡಿಸಿದರೆ 40 ಮಿಲಿಸೆಕೆಂಡ್. 2 ಕೋರ್ ಇದ್ದ ಸರ್ವರನ್ನು 4 ಕೋರ್ ಮಾಡಿಸಿದೆ. ತಿಂಗಳ ಬಿಲ್ ಏರಿತು, ಪುಟ ಅಲ್ಲೇ ನಿಂತಿದೆ.

ಎಲ್ಲಾ ಮೆಥಡ್‌ಗೂ ಅಸಿಂಕ್ (ಕಾಯುವ ಹೊತ್ತಲ್ಲಿ ಬೇರೆ ಕೆಲಸ ನಡೆಯಲಿ ಅಂತ) ಹಾಕಿದ್ದೇನೆ. ಮತ್ತೇನು ಬಾಕಿ?

ಉತ್ತರ, ಕಾರವಾರದಿಂದ

ಸಿಪಿಯು ಖಾಲಿ, ಪುಟ ನಿಧಾನ ಅಂದರೆ ನಿಮ್ಮ ಥ್ರೆಡ್‌ಗಳು (ಸರ್ವರಿನೊಳಗೆ ಕೆಲಸ ಮಾಡುವ ಆಳುಗಳು ಅನ್ನಿ) ದುಡಿಯುತ್ತಿಲ್ಲ, ಏನಕ್ಕೋ ಕಾಯುತ್ತಾ ನಿಂತಿವೆ. ಕೋರ್ ಹೆಚ್ಚಿಸಿದರೆ ಕಾಯುವವರಿಗೆ ನಿಲ್ಲಲು ಜಾಗ ಜಾಸ್ತಿ ಆಗುತ್ತದೆ ಅಷ್ಟೇ.

ಎರಡು ಕೆಲಸ ಮಾಡಿ. ಒಂದು, ಪೂರ್ತಿ ಕೋಡಿನಲ್ಲಿ ಡಾಟ್ ರಿಸಲ್ಟ್, ಡಾಟ್ ವೇಟ್, ಥ್ರೆಡ್ ಡಾಟ್ ಸ್ಲೀಪ್, ಇವನ್ನು ಹುಡುಕಿ, ಥ್ರೆಡನ್ನು ಸುಮ್ಮನೆ ಕಾಯಿಸಿ ನಿಲ್ಲಿಸುವುದು ಇವು. ಎರಡು, ನಾಳೆ ಟೆಂಡರ್ ಹೊತ್ತಿಗೆ ಡಾಟ್‌ನೆಟ್ ಕೌಂಟರ್ಸ್ ಟೂಲ್ ಓಡಿಸಿ. ಥ್ರೆಡ್‌ಪೂಲಿನ (ಎಲ್ಲಾ ಕೆಲಸಕ್ಕೂ ಥ್ರೆಡ್ ಕೊಡುವ ಗುಂಪು) ಥ್ರೆಡ್ ಎಣಿಕೆ, ಕ್ಯೂ ಉದ್ದ (ಸರದಿಯಲ್ಲಿ ಕಾಯುವ ಕೆಲಸ ಎಷ್ಟು), ಈ ಎರಡೇ ಸಾಲು ನೋಡಿದರೆ ಸಾಕು.

ಉತ್ತರ, ಹೊನ್ನಾವರದಿಂದ

ಅಷ್ಟೆಲ್ಲಾ ಯಾಕೆ ಮಾರಾಯ್ರೆ? ಎಲ್ಲವನ್ನೂ ಟಾಸ್ಕ್ ಡಾಟ್ ರನ್ ಒಳಗೆ ಹಾಕಿ (ಕೆಲಸ ಬೇರೆ ಥ್ರೆಡ್‌ಗೆ ಹೋಗುತ್ತದೆ) ಅವೇಟ್ ಮಾಡಿ. ನಾನು ವಿಂಡೋಸ್ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಹಾಗೇ ಮಾಡಿದ್ದು, ಸ್ಕ್ರೀನ್ ಹಿಡಿದುಕೊಳ್ಳುವುದು ತಪ್ಪಿತು.

ಉತ್ತರ, ಕಾರವಾರದಿಂದ

ಡೆಸ್ಕ್‌ಟಾಪ್‌ಗೆ ಅದು ಸರಿ. ಅಲ್ಲಿ ಸ್ಕ್ರೀನಿಗೆ ಇರುವುದು ಒಂದೇ ಥ್ರೆಡ್, ಅದನ್ನು ಬಿಡಿಸಿಕೊಡಬೇಕು. ವೆಬ್ ಸರ್ವರಿನಲ್ಲಿ ರಿಕ್ವೆಸ್ಟ್ ನಡೆಯುವುದೇ ಥ್ರೆಡ್‌ಪೂಲಿನ ಮೇಲೆ. ಟಾಸ್ಕ್ ಡಾಟ್ ರನ್ ತರುವುದೂ ಅದೇ ಪೂಲಿನಿಂದ. ಒಬ್ಬನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸಿದ ಹಾಗೆ, ಅಲ್ವಾ?

ಪ್ರಶ್ನೆ ಕೇಳಿದವರು

ನೋಡಿದೆ. ಟೆಂಡರಿಗೆ ಮೊದಲು ಥ್ರೆಡ್ 6. ದರ ಬಿದ್ದ ಮೇಲೆ 7, 9, 10, 12, ಹೀಗೆ ಸೆಕೆಂಡಿಗೆ ಒಂದೋ ಎರಡೋ ಏರುತ್ತಾ 60ರ ಹತ್ತಿರ ಹೋಯಿತು. ಕ್ಯೂ 300 ದಾಟಿತು.

ಕೋಡಿನಲ್ಲಿ ಸಿಕ್ಕಿದ್ದು ಹೇಳಲು ನಾಚಿಕೆ ಆಗುತ್ತದೆ. ದರ ಇರುವುದು ಮಂಡಿಯ ಹಳೇ ಸಾಫ್ಟ್‌ವೇರಿನಲ್ಲಿ. ಪ್ರತಿ ರಿಕ್ವೆಸ್ಟಿಗೂ ಅದನ್ನು ಕೇಳಿ ತರುತ್ತೇನೆ. ಅದು ತಡ ಮಾಡಿದರೆ ಥ್ರೆಡ್ ಡಾಟ್ ಸ್ಲೀಪ್ 2 ಸೆಕೆಂಡ್, ಮತ್ತೆ ಕೇಳುವುದು, ಹೀಗೆ 3 ಸಲ. ಖಾತೆ ಲೆಕ್ಕದಲ್ಲಿ ಎಲ್ಲಾ ಕಡೆ ಟುಲಿಸ್ಟ್ (ಡೇಟಾಬೇಸ್ ಉತ್ತರ ಬರುವವರೆಗೆ ಥ್ರೆಡ್ ಕಾಯಿಸುವ ಕರೆ), ಒಂದೂ ಟುಲಿಸ್ಟ್ ಅಸಿಂಕ್ ಇಲ್ಲ. ಮೆಥಡ್ ತಲೆಗೆ ಮಾತ್ರ ಅಸಿಂಕ್ ಅಂತ ಬರೆದಿದ್ದೆ.

ಉತ್ತರ, ಕಾರವಾರದಿಂದ

ಹಾಗಾದರೆ ಬಿಲ್ಡ್ ಮಾಡುವಾಗ ಸಿಎಸ್ 1998 ಅಂತ ಹಳದಿ ಎಚ್ಚರಿಕೆ ರಾಶಿ ಬಂದಿರಬೇಕು. ಒಳಗೆ ಅವೇಟ್ ಇಲ್ಲ, ಈ ಮೆಥಡ್ ಸಿಂಕ್ ಆಗಿಯೇ ಓಡುತ್ತದೆ ಅನ್ನುವುದನ್ನೇ ಕಂಪೈಲರ್ ಹಾಗೆ ಹೇಳುವುದು. ಅದನ್ನು ಯಾರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ.

ನಿಮ್ಮ ಕಡೆ ಸುಗ್ಗಿಯಲ್ಲಿ ಅಡಿಕೆ ಬೇಯಿಸುವುದು ನೋಡಿದ್ದೀರಲ್ಲ. ಹಂಡೆಗೆ ಅಡಿಕೆ ಹಾಕಿ, ಬೆಂಕಿ ಮಾಡಿ, ಅದರ ಎದುರು ಕೈಕಟ್ಟಿ ಯಾರೂ ನಿಲ್ಲುವುದಿಲ್ಲ. ವಾಪಸ್ ಬಂದು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾರೆ. ಬೆಂದಾಗ ಯಾರಾದರೊಬ್ಬರು ಎದ್ದು ಹೋಗಿ ತೆಗೆಯುತ್ತಾರೆ. ಹಾಕಿದವರೇ ತೆಗೆಯಬೇಕು ಅಂತಲೂ ಇಲ್ಲ. ಅವೇಟ್ ಇಷ್ಟೇ. ನಿಮ್ಮ ಕೋಡಿನಲ್ಲಿ ಪ್ರತಿ ಹಂಡೆಗೂ ಒಬ್ಬ ಆಳು ನಿಂತಿದ್ದಾನೆ, ಸುಲಿಯಲು ಜನ ಇಲ್ಲ. ಅವೇಟ್ ಹಾಕಿದರೆ ಅಡಿಕೆ ಬೇಗ ಬೇಯುವುದಿಲ್ಲ, ಅದೂ ನೆನಪಿರಲಿ. ಒಂದು ರಿಕ್ವೆಸ್ಟಿಗೆ ತಗಲುವ ಹೊತ್ತು ಹೆಚ್ಚುಕಮ್ಮಿ ಅಷ್ಟೇ. ಅದೇ ಥ್ರೆಡ್‌ಗಳಲ್ಲಿ ಜಾಸ್ತಿ ಜನರ ಕೆಲಸ ನಡೆಯುತ್ತದೆ.

ಎಣಿಕೆ ನಿಧಾನ ಏರುವುದಕ್ಕೂ ಕಾರಣ ಇದೆ. ಥ್ರೆಡ್‌ಪೂಲ್ ಮಾಮೂಲಾಗಿ ಕೋರ್ ಎಷ್ಟಿದೆಯೋ ಅಷ್ಟು ಥ್ರೆಡ್ ತಡವಿಲ್ಲದೆ ಕೊಡುತ್ತದೆ. ಆಮೇಲೆ ಲೆಕ್ಕ ಹಾಕಿ ಒಂದೊಂದೇ ಸೇರಿಸುತ್ತದೆ. ಡಾಟ್‌ನೆಟ್ 6ರಿಂದ ಈಚೆಗೆ, ಟಾಸ್ಕ್ ಮೇಲೆ ಡಾಟ್ ರಿಸಲ್ಟ್ ಹಾಕಿ ಕಾದರೆ ಪೂಲಿಗೆ ಗೊತ್ತಾಗುತ್ತದೆ, ಸ್ವಲ್ಪ ಬೇಗ ಸೇರಿಸುತ್ತದೆ. ಸ್ಲೀಪ್ ಆಗಲಿ ಸಿಂಕ್ ಡೇಟಾಬೇಸ್ ಕರೆಯಾಗಲಿ ಅದಕ್ಕೆ ಹಾಗೆ ಕಾಣಿಸುವುದಿಲ್ಲ. ಸೆಟ್ ಮಿನ್ ಥ್ರೆಡ್ಸ್ (ತಡವಿಲ್ಲದೆ ಕೊಡುವ ಥ್ರೆಡ್ ಎಣಿಕೆ) ಏರಿಸಿ ನಾಳೆ ಒಂದು ದಿನ ದಾಟಿಸಬಹುದು, ಮದ್ದು ಅದಲ್ಲ.

ಟುಲಿಸ್ಟ್ ತೆಗೆದು ಟುಲಿಸ್ಟ್ ಅಸಿಂಕ್ ಹಾಕಿ, ಸ್ಲೀಪ್ ಜಾಗಕ್ಕೆ ಟಾಸ್ಕ್ ಡಾಟ್ ಡಿಲೇ. ಎರಡಕ್ಕೂ ಅವೇಟ್ ಬೇಕು. ಕೆಳಗಿಂದ ಮೇಲೆ, ರಿಕ್ವೆಸ್ಟ್ ಮೊದಲು ಬಂದು ಸೇರುವ ಕಂಟ್ರೋಲರ್‌ವರೆಗೆ, ಅವೇಟ್ ಎಲ್ಲೂ ನಡುವೆ ತುಂಡಾಗಬಾರದು.

ಪ್ರಶ್ನೆ ಕೇಳಿದವರು

ಮಾಡಿದೆ. ಉಮೇದು ಜಾಸ್ತಿಯಾಗಿ ಖಾತೆ, ಸಾಲ, ಹಿಂದಿನ ಮಾರಾಟ ಮೂರನ್ನೂ ಒಟ್ಟಿಗೇ ಓಡಲಿ ಅಂತ ಟಾಸ್ಕ್ ಡಾಟ್ ವೆನ್ ಆಲ್‌ಗೆ ಕೊಟ್ಟೆ. ಈಗ ಹೊಸ ಎಕ್ಸೆಪ್ಷನ್: ಮೊದಲ ಕೆಲಸ ಮುಗಿಯುವ ಮೊದಲೇ ಇದೇ ಕಾಂಟೆಕ್ಸ್ಟ್‌ನಲ್ಲಿ ಎರಡನೆಯದು ಶುರುವಾಯಿತು ಅನ್ನುತ್ತದೆ.

ಉತ್ತರ, ಕಾರವಾರದಿಂದ

ಒಂದು ಡಿಬಿಕಾಂಟೆಕ್ಸ್ಟ್ (ಎಂಟಿಟಿ ಫ್ರೇಮ್‌ವರ್ಕ್ ಡೇಟಾಬೇಸ್ ಜೊತೆ ಮಾತಾಡುವುದು ಇದರ ಮೂಲಕ), ಒಂದು ಸಲಕ್ಕೆ ಒಂದೇ ಕೆಲಸ. ಒಟ್ಟಿಗೇ ಬೇಕು ಅಂದರೆ ಡಿಬಿಕಾಂಟೆಕ್ಸ್ಟ್ ಫ್ಯಾಕ್ಟರಿಯಿಂದ ಮೂರಕ್ಕೂ ಬೇರೆ ಬೇರೆ ತೆಗೆದುಕೊಳ್ಳಬೇಕು. ಆಗ ಒಬ್ಬ ಬೆಳೆಗಾರನಿಗೆ ಮೂರು ಡೇಟಾಬೇಸ್ ಕನೆಕ್ಷನ್. ನಿಮ್ಮದು 40 ಮಿಲಿಸೆಕೆಂಡಿನ ಕ್ವೆರಿ. ಸುಮ್ನೆ ಒಂದರ ಹಿಂದೆ ಒಂದು ಅವೇಟ್ ಮಾಡಿ.

ನಿಜವಾದ ಲಾಭ ಇರುವುದು ಬೇರೆ ಕಡೆ. ದರ ಒಮ್ಮೆ ಬಿದ್ದ ಮೇಲೆ ಮುಂದಿನ ಟೆಂಡರ್‌ವರೆಗೆ ಬದಲಾಗುವುದಿಲ್ಲ. ಮತ್ತೆ ಯಾಕೆ ಪ್ರತಿಯೊಬ್ಬರಿಗೂ ಹಳೇ ಸಾಫ್ಟ್‌ವೇರನ್ನು ಕೇಳುವುದು? ತಂದ ದರವನ್ನು ಮೆಮೊರಿ ಕ್ಯಾಶ್‌ನಲ್ಲಿ (ಸರ್ವರಿನ ನೆನಪಿನಲ್ಲೇ) ಒಂದು ನಿಮಿಷ ಇಟ್ಟರೂ ಸಾಕು. ಆದರೆ ಆ ನಿಮಿಷ ಮುಗಿದ ಗಳಿಗೆಯಲ್ಲಿ ನೂರು ರಿಕ್ವೆಸ್ಟ್ ಒಟ್ಟಿಗೆ ತರಲು ಓಡುತ್ತವೆ. ಒಬ್ಬರನ್ನೇ ಒಳಗೆ ಬಿಡಲು ಸೆಮಾಫೋರ್‌ಸ್ಲಿಮ್ (ಬಾಗಿಲು ಕಾಯುವವನ ಹಾಗೆ) ಇಡಿ, ವೇಟ್ ಅಸಿಂಕ್ ಬಳಸಿ. ಸರದಿ ಬಂದ ಮೇಲೆ ಕ್ಯಾಶ್ ಇನ್ನೊಮ್ಮೆ ನೋಡಿ, ಮುಂದೆ ಹೋದವರು ಅಷ್ಟರಲ್ಲಿ ತಂದಿಟ್ಟಿರುತ್ತಾರೆ. ಸೆಮಾಫೋರ್ ಬಿಡುಗಡೆ ಮಾಡುವ ಸಾಲು ಫೈನಲಿ (ತಪ್ಪಾದರೂ ಓಡುವ ಭಾಗ) ಒಳಗೇ ಇರಲಿ. ಲಾಕ್ ಹಾಕಲು ಹೋಗಬೇಡಿ, ಅದರೊಳಗೆ ಅವೇಟ್ ಬರೆಯಲು ಕಂಪೈಲರ್ ಬಿಡುವುದಿಲ್ಲ.

ಉತ್ತರ, ಹೊನ್ನಾವರದಿಂದ

ನನ್ನ ಟಾಸ್ಕ್ ಡಾಟ್ ರನ್ ಸಲಹೆ ವಾಪಸ್. ನಮ್ಮ ಬೋಟ್ ಬುಕಿಂಗ್ ಸೈಟಿನಲ್ಲೂ ಹಾಗೇ ಹಾಕಿಟ್ಟಿದ್ದೆ, ತೆಗೆಯುತ್ತಿದ್ದೇನೆ.

ಪ್ರಶ್ನೆ ಕೇಳಿದವರು

ಮೂರು ಟೆಂಡರ್ ನೋಡಿ ಬರೆಯುತ್ತಿದ್ದೇನೆ. ಥ್ರೆಡ್ 11ರಿಂದ 14ರ ಒಳಗೇ ಇದೆ. ಕ್ಯೂ ಹೆಚ್ಚಿನ ಹೊತ್ತು ಸೊನ್ನೆ. ಪುಟ ಒಂದು ಸೆಕೆಂಡಿನ ಒಳಗೆ. ಸರ್ವರನ್ನು 2 ಕೋರಿಗೆ ಇಳಿಸಿದೆ, ಏನೂ ವ್ಯತ್ಯಾಸ ಇಲ್ಲ.

ಕ್ಯಾಶ್ ಇಟ್ಟ ಮೊದಲ ದಿನ ಒಂದು ತಕರಾರು ಬಂತು. ಕೌಂಟರಿನಲ್ಲಿ ಚಾಲಿ ದರ ತಪ್ಪಾಗಿ ಹಾಕಿ ತಕ್ಷಣ ತಿದ್ದಿದ್ದಾರೆ, ಆ್ಯಪ್‌ನಲ್ಲಿ ಒಂದು ನಿಮಿಷ ತಪ್ಪೇ ಕಂಡಿದೆ. ಅಷ್ಟರಲ್ಲಿ ಇಬ್ಬರು ಫೋನ್ ಮಾಡಿಯಾಗಿತ್ತು! ಈಗ 15 ಸೆಕೆಂಡ್ ಮಾಡಿದ್ದೇನೆ.

ಸಿಎಸ್ 1998 ಎಚ್ಚರಿಕೆಯನ್ನು ಎರರ್ ಅಂತ ಬದಲಿಸಿಟ್ಟೆ. ಬಿಲ್ಡ್ ಮಾಡಿದರೆ ಇನ್ನೂ 14 ಕಡೆ ಕೆಂಪು. ಇವತ್ತು ರಾತ್ರಿ ಅದೇ ಕೆಲಸ.